ಹೊಗೆ ಒರೆಸಿದರೆ ಒಲೆ ಸರಿಹೋಗುತ್ತಾ?

ಮೆಡಿಕಲ್ ಶಾಪಿನ ಗಾಜಿನ ಕಪಾಟಿನ ಮುಂದೆ ಒಂದು ನಿಮಿಷ ನಿಂತು ನೋಡಿ. ಗ್ರೀನ್ ಟೀ ಪೊಟ್ಟಣದ ಮೇಲೆ ‘ಆಂಟಿಆಕ್ಸಿಡೆಂಟ್’. ಫೇಸ್ ಕ್ರೀಮಿನ ಮೇಲೆ ‘ಆಂಟಿಆಕ್ಸಿಡೆಂಟ್’. ಮಲ್ಟಿವಿಟಮಿನ್ ಡಬ್ಬದ ಮೇಲೂ ಅದೇ ಪದ. ಫ್ರೀ ರ‍್ಯಾಡಿಕಲ್ ಅನ್ನೋ ವಿಲನ್ ಒಬ್ಬ ಇದ್ದಾನೆ, ಅವನನ್ನು ಹೊಡೆಯೋ ಹೀರೋ ಈ ಡಬ್ಬದೊಳಗೆ ಇದ್ದಾನೆ. ಜಾಹೀರಾತಿನ ಕಥೆ ಇಷ್ಟೇ.

ಫೇಸ್ ಕ್ರೀಮಿನ ವಿಷಯದಲ್ಲಾದರೆ ಹೋಗಲಿ ಬಿಡಿ, ಹೆಚ್ಚೆಂದರೆ ದುಡ್ಡು ಹೋಗುತ್ತೆ. ಆದರೆ ಅಪ್ಪನ ಕೈ ನಡುಗೋಕೆ ಶುರುವಾದಾಗ ಇದೇ ಕಥೆ ಬೇರೆ ರೂಪದಲ್ಲಿ ಮನೆಗೆ ಬರುತ್ತೆ. “ಅಪ್ಪನಿಗೆ ಪಾರ್ಕಿನ್ಸನ್ ಅಂದಿದ್ದಾರೆ, ಕೋಎನ್‌ಜೈಮ್ ಕ್ಯೂ10 ತರಿಸಿ ಕೊಡಲಾ?” “ಮಿದುಳಿನ ಕೋಶಗಳು ಸಾಯೋದು ಫ್ರೀ ರ‍್ಯಾಡಿಕಲ್‌ನಿಂದ ಅಂತ ಓದಿದೆ, ವಿಟಮಿನ್ ಇ ಜಾಸ್ತಿ ಕೊಟ್ಟರೆ ನಿಲ್ಲುತ್ತಾ?” ಕೇಳುವವರು ಹೆಚ್ಚಾಗಿ ನಿಮ್ಮ ವಯಸ್ಸಿನವರೇ. ಕೆಲಸ ಬೆಂಗಳೂರಲ್ಲೋ ಪುಣೆಯಲ್ಲೋ, ಅಪ್ಪ ಅಮ್ಮ ಇರೋದು ಊರಲ್ಲಿ. ದೂರದಿಂದ ಮಾಡೋಕೆ ಆಗೋದು ಒಂದೇ: ಮೊಬೈಲಲ್ಲಿ ಆರ್ಡರ್ ಹಾಕೋದು. ಆ ಪ್ರೀತಿಯನ್ನು ಹಗುರವಾಗಿ ನೋಡುವಂತಿಲ್ಲ.

ಅದಕ್ಕೇ ಈ ಸಲ ಅಂಕಣ ಸ್ವಲ್ಪ ಆಳಕ್ಕೆ ಇಳಿಯುತ್ತೆ. ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ನರಕೋಶಗಳ ಸಾವಿನಲ್ಲಿ ಫ್ರೀ ರ‍್ಯಾಡಿಕಲ್‌ಗಳ ಪಾತ್ರ ಇದೆ ಅನ್ನೋದು ಸುಳ್ಳಲ್ಲ. ಆದರೆ ಅದರಿಂದ ‘ಹಾಗಾದರೆ ಮಾತ್ರೆ ನುಂಗಿದರೆ ಸಾಕು’ ಅನ್ನೋ ತೀರ್ಮಾನಕ್ಕೆ ಹಾರೋದಿದೆಯಲ್ಲ, ಎಡವಟ್ಟು ಅಲ್ಲಿದೆ.

ಕೋಶದೊಳಗಿನ ಒಲೆ

ನಮ್ಮ ದೇಹದ ಬಹುತೇಕ ಎಲ್ಲ ಕೋಶಗಳಲ್ಲೂ ಮೈಟೊಕಾಂಡ್ರಿಯಾ ಅನ್ನೋ ಪುಟ್ಟ ಒಲೆಗಳಿವೆ. ತಿಂದ ಅನ್ನ, ಉಸಿರಾಡಿದ ಆಮ್ಲಜನಕ ಎರಡೂ ಕೊನೆಗೆ ಸೇರೋದು ಅಲ್ಲಿಗೇ. ಆಹಾರದಿಂದ ಬಂದ ಎಲೆಕ್ಟ್ರಾನ್‌ಗಳು ಅದರ ಒಳಪೊರೆಯಲ್ಲಿ ಸಾಲಾಗಿ ನಿಂತ ಪ್ರೋಟೀನ್ ಗುಂಪುಗಳ ಮೂಲಕ ಹಾದು ಹೋಗುತ್ತವೆ. ಬಾವಿಯಿಂದ ಮನೆವರೆಗೆ ಜನ ಸಾಲಾಗಿ ನಿಂತು ಕೈಯಿಂದ ಕೈಗೆ ಕೊಡಪಾನ ದಾಟಿಸಿದ ಹಾಗೆ. ಈ ಗುಂಪುಗಳಿಗೆ ವಿಜ್ಞಾನಿಗಳು ಇಟ್ಟಿರೋ ಹೆಸರು ಕಾಂಪ್ಲೆಕ್ಸ್ 1, 2, 3, 4. ಸಾಲಿನ ಕೊನೆಯಲ್ಲಿ ಎಲೆಕ್ಟ್ರಾನ್ ಆಮ್ಲಜನಕದ ಜೊತೆ ಸೇರಿ ನೀರಾಗುತ್ತೆ. ದಾರಿಯಲ್ಲಿ ಬಿಡುಗಡೆಯಾದ ಶಕ್ತಿಯಿಂದ ಎಟಿಪಿ ತಯಾರಾಗುತ್ತೆ. ನಾವು ನಡೆಯೋದು, ಯೋಚಿಸೋದು, ಈ ಸಾಲು ಓದೋದು ಎಲ್ಲಾ ಅದರಿಂದಲೇ.

ಕೊಡಪಾನ ದಾಟಿಸುವಾಗ ನಾಲ್ಕು ಹನಿ ಚೆಲ್ಲದೆ ಇರುತ್ತಾ? ಇಲ್ಲೂ ಅಷ್ಟೇ. ಮುಖ್ಯವಾಗಿ ಕಾಂಪ್ಲೆಕ್ಸ್ 1 ಮತ್ತು 3ರ ಹತ್ತಿರ ಕೆಲವು ಎಲೆಕ್ಟ್ರಾನ್‌ಗಳು ದಾರಿ ತಪ್ಪಿ, ಹೊತ್ತಿಗೆ ಮುಂಚೆಯೇ ಆಮ್ಲಜನಕಕ್ಕೆ ಅಂಟಿಕೊಳ್ಳುತ್ತವೆ. ಆಗ ಹುಟ್ಟೋದು ಸೂಪರ್‌ಆಕ್ಸೈಡ್. ಜೋಡಿಯಿಲ್ಲದ ಎಲೆಕ್ಟ್ರಾನ್ ಹೊತ್ತು ತಿರುಗೋ ಈ ಅಣುವೇ ಫ್ರೀ ರ‍್ಯಾಡಿಕಲ್.

ಒಲೆ ಉರಿದರೆ ಹೊಗೆ ಬರೋದು ಸಹಜ, ಅದಕ್ಕೆ ದೇಹದ ಹತ್ತಿರ ವ್ಯವಸ್ಥೆಯೂ ಇದೆ. ಸೂಪರ್‌ಆಕ್ಸೈಡ್ ಡಿಸ್ಮ್ಯುಟೇಸ್ ಅನ್ನೋ ಕಿಣ್ವವನ್ನು 1969ರಲ್ಲಿ ಅಮೆರಿಕದ ಜೋ ಮೆಕಾರ್ಡ್ ಮತ್ತು ಇರ್ವಿನ್ ಫ್ರಿಡೊವಿಚ್ ಗುರುತಿಸಿದರು. ಇದು ಸೂಪರ್‌ಆಕ್ಸೈಡನ್ನು ಹೈಡ್ರೋಜನ್ ಪೆರಾಕ್ಸೈಡ್ ಮಾಡುತ್ತೆ. ಅದನ್ನು ಗ್ಲುಟಾಥಯೋನ್ ಮತ್ತದರ ಜೊತೆಗಾರ ಕಿಣ್ವಗಳು ನೀರಾಗಿಸುತ್ತವೆ. ಈ ಎರಡನೇ ಹೆಜ್ಜೆ ತಪ್ಪಿ, ಹೈಡ್ರೋಜನ್ ಪೆರಾಕ್ಸೈಡ್ ಕೋಶದೊಳಗಿನ ಬಿಡಿ ಕಬ್ಬಿಣದ ಜೊತೆ ಸೇರಿದರೆ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಹುಟ್ಟುತ್ತೆ. ಅದು ಕೊಬ್ಬಿನ ಪೊರೆ, ಪ್ರೋಟೀನ್, ಡಿಎನ್‌ಎ ಯಾವುದನ್ನೂ ಬಿಡಲ್ಲ.

ಒಣ ಸೌದೆ ಹಾಕಿ, ಗಾಳಿ ಚೆನ್ನಾಗಿ ಆಡೋ ಹಾಗಿದ್ದರೆ ಬಚ್ಚಲ ಒಲೆಯ ಹೊಗೆ ಅಂಥ ತೊಂದರೆ ಕೊಡಲ್ಲ. ಒಲೆಯ ಬಾಯಿ ಕಟ್ಟಿಕೊಂಡರೆ ಮಾತ್ರ ನೀರೂ ಕಾಯಲ್ಲ, ಮನೆ ತುಂಬಾ ಹೊಗೆ. ಮೈಟೊಕಾಂಡ್ರಿಯಾದ ಕಷ್ಟವೂ ಹೀಗೆ ಜೋಡಿಯಾಗಿಯೇ ಬರುತ್ತೆ: ಶಕ್ತಿ ಕಡಿಮೆ, ಹೊಗೆ ಜಾಸ್ತಿ. ಈ ಜೋಡಿಯನ್ನು ನೆನಪಿಟ್ಟುಕೊಳ್ಳಿ. ಮುಂದಿನ ಕಥೆಯೆಲ್ಲಾ ಇದರ ಮೇಲೆ ನಿಂತಿದೆ.

ಮಿದುಳಿಗೇ ಯಾಕೆ ಪೆಟ್ಟು?

ದೇಹದ ತೂಕದಲ್ಲಿ ಮಿದುಳಿನ ಪಾಲು ಸುಮಾರು ಶೇ. 2. ಆದರೆ ವಿಶ್ರಾಂತಿಯಲ್ಲಿದ್ದಾಗ ದೇಹ ಬಳಸೋ ಆಮ್ಲಜನಕದಲ್ಲಿ ಅದರ ಪಾಲು ಸುಮಾರು ಶೇ. 20. ಚರ್ಮದ ಕೋಶ ಹಾಳಾದರೆ ಇನ್ನೊಂದು ಹುಟ್ಟುತ್ತೆ. ನರಕೋಶ ಹಾಗಲ್ಲ, ಬಹುಪಾಲು ನರಕೋಶಗಳು ನಮ್ಮ ಜೊತೆ ಹುಟ್ಟಿ ನಮ್ಮ ಜೊತೆಯೇ ಮುದಿಯಾಗಬೇಕು.

ಅದರಲ್ಲೂ ಮಿದುಳಿನ ಬುಡದಲ್ಲಿರೋ ಸಬ್‌ಸ್ಟಾನ್ಷಿಯಾ ನೈಗ್ರಾ ಅನ್ನೋ ಕಪ್ಪು ಬಣ್ಣದ ಜಾಗದ ಡೋಪಮಿನ್ ನರಕೋಶಗಳ ಪಾಡು ಇನ್ನೂ ಕಷ್ಟ. ಒಂದೊಂದು ಕೋಶವೂ ಮರದ ಹಾಗೆ ಕವಲೊಡೆದು ಹತ್ತು ಲಕ್ಷಕ್ಕೂ ಹೆಚ್ಚು ಕಡೆ ಸಂಪರ್ಕ ಇಟ್ಟುಕೊಂಡಿರುತ್ತೆ ಅನ್ನೋದು ಒಂದು ಅಂದಾಜು. ಅಷ್ಟು ಕೊಂಬೆಗಳಿಗೂ ಕರೆಂಟ್ ಹೋಗಬೇಕು. ಯಾರೂ ಕೇಳದಿದ್ದರೂ ಗಡಿಯಾರದ ಹಾಗೆ ತಾವಾಗಿಯೇ ಮಿಡಿಯುತ್ತಿರಬೇಕು. ಪ್ರತಿ ಮಿಡಿತಕ್ಕೂ ಒಳಗೆ ನುಗ್ಗೋ ಕ್ಯಾಲ್ಸಿಯಂ ಅನ್ನು ಹೊರಗೆ ತಳ್ಳಬೇಕು. ಸಾಲದ್ದಕ್ಕೆ ಡೋಪಮಿನ್ ತಾನೇ ಒಡೆಯುವಾಗ ಹೊಗೆ ಎಬ್ಬಿಸುತ್ತೆ, ಆ ಜಾಗದಲ್ಲಿ ಕಬ್ಬಿಣವೂ ಜಾಸ್ತಿ. ಓವರ್‌ಟೈಮ್ ಮೇಲೆ ಓವರ್‌ಟೈಮ್ ಮಾಡೋ ನೌಕರ, ರಜೆಯೂ ಇಲ್ಲ, ಬದಲಿಯೂ ಇಲ್ಲ. ಪಾರ್ಕಿನ್ಸನ್ ಕಾಯಿಲೆಯಲ್ಲಿ ಸಾಯೋದು ಮುಖ್ಯವಾಗಿ ಇವೇ ಕೋಶಗಳು.

ರಾತ್ರೋರಾತ್ರಿ ಮರಗಟ್ಟಿದವರು

ಇದೆಲ್ಲ ಬರೀ ಊಹೆ ಅಲ್ಲ ಅಂತ ಜಗತ್ತಿಗೆ ಗೊತ್ತಾಗಿದ್ದು 1982ರಲ್ಲಿ, ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ. ಅಲ್ಲಿನ ನರರೋಗ ತಜ್ಞ ವಿಲಿಯಂ ಲ್ಯಾಂಗ್‌ಸ್ಟನ್ ಮುಂದೆ ಒಬ್ಬ ರೋಗಿ ಬಂದ. ಪ್ರಜ್ಞೆ ಇದೆ, ಆದರೆ ಮಾತಿಲ್ಲ, ಅಲುಗಾಟವಿಲ್ಲ, ಮರದ ಬೊಂಬೆಯ ಹಾಗೆ ಬಿಗಿದುಕೊಂಡಿದ್ದಾನೆ. ಸ್ವಲ್ಪ ದಿನದಲ್ಲೇ ಅದೇ ಪ್ರದೇಶದಲ್ಲಿ ಇನ್ನೂ ಕೆಲವರು ಅದೇ ಸ್ಥಿತಿಯಲ್ಲಿ ಸಿಕ್ಕರು. ನೋಡಿದರೆ ವರ್ಷಗಟ್ಟಲೆ ಪಾರ್ಕಿನ್ಸನ್ ಅನುಭವಿಸಿ ಕೊನೆಯ ಹಂತಕ್ಕೆ ಬಂದ ಮುದುಕರ ಹಾಗೆ. ಆದರೆ ಇವರು ಮುದುಕರಲ್ಲ, ಕೆಲವರಿಗೆ ಇನ್ನೂ ಇಪ್ಪತ್ತು ಚಿಲ್ಲರೆ ವಯಸ್ಸು.

ಎಲ್ಲರಿಗೂ ಸಮಾನವಾಗಿದ್ದದ್ದು ಒಂದೇ. ಯಾರೋ ಕದ್ದುಮುಚ್ಚಿ ತಯಾರಿಸಿ ಮಾರಿದ ಕೃತಕ ಹೆರಾಯಿನ್ ಅನ್ನು ಇವರು ಚುಚ್ಚಿಕೊಂಡಿದ್ದರು. ತಯಾರಿಸುವಾಗ ಆದ ಅಚಾತುರ್ಯದಿಂದ ಅದರಲ್ಲಿ ಎಂಪಿಟಿಪಿ ಅನ್ನೋ ರಾಸಾಯನಿಕ ಸೇರಿಕೊಂಡಿತ್ತು. ಲ್ಯಾಂಗ್‌ಸ್ಟನ್ ತಂಡ ಪಾರ್ಕಿನ್ಸನ್‌ಗೆ ಕೊಡೋ ಲೆವೊಡೋಪಾ ಕೊಟ್ಟಾಗ ಬೊಂಬೆಗಳಿಗೆ ಜೀವ ಬಂದ ಹಾಗೆ ಅವರು ಮತ್ತೆ ಅಲುಗಾಡಿದರು. 1983ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಈ ವರದಿ ಬಂತು.

ಆಮೇಲಿನ ಪತ್ತೇದಾರಿ ಕೆಲಸ ಇನ್ನೂ ರೋಚಕ. ಎಂಪಿಟಿಪಿ ಮಿದುಳಿಗೆ ಸಲೀಸಾಗಿ ನುಸುಳುತ್ತೆ. ಅಲ್ಲಿನ ಎಂಎಒ-ಬಿ ಅನ್ನೋ ಕಿಣ್ವ ಅದನ್ನು ಇನ್ನೊಂದು ರೂಪಕ್ಕೆ ತಿರುಗಿಸುತ್ತೆ. ಈ ಹೊಸ ರೂಪ ಡೋಪಮಿನ್‌ನ ವೇಷ ಹಾಕಿಕೊಂಡು, ಡೋಪಮಿನ್ ಹೋಗೋ ಬಾಗಿಲಲ್ಲೇ ಕೋಶದ ಒಳಗೆ ಹೋಗುತ್ತೆ. ಹೋಗಿ ನೇರವಾಗಿ ಮೈಟೊಕಾಂಡ್ರಿಯಾದಲ್ಲಿ ಕೂತು ಕಾಂಪ್ಲೆಕ್ಸ್ 1 ಅನ್ನು ಕಟ್ಟಿಹಾಕುತ್ತೆ. ಒಲೆಯ ಬಾಯಿ ಕಟ್ಟಿತು. ಎಟಿಪಿ ಕುಸಿಯಿತು, ಸೂಪರ್‌ಆಕ್ಸೈಡ್ ಏರಿತು, ಕೋಶ ಸತ್ತಿತು.

ಹಾಗಾದರೆ ಯಾವ ವಿಷವನ್ನೂ ಮುಟ್ಟದ ನಮ್ಮ ನಿಮ್ಮ ಮನೆ ಹಿರಿಯರ ಪಾರ್ಕಿನ್ಸನ್ ಕಥೆ? 1989ರಲ್ಲಿ ಲಂಡನ್‌ನ ಆಂಥನಿ ಶಪೀರಾ ಮತ್ತು ಸಂಗಡಿಗರು, ತೀರಿಕೊಂಡ ಸಾಮಾನ್ಯ ಪಾರ್ಕಿನ್ಸನ್ ರೋಗಿಗಳ ಮಿದುಳಿನ ಅದೇ ಕಪ್ಪು ಜಾಗವನ್ನು ಪರೀಕ್ಷಿಸಿದರು. ಅಲ್ಲೂ ಕಾಂಪ್ಲೆಕ್ಸ್ 1 ಸೊರಗಿತ್ತು.

ಹೊಲದ ಔಷಧಿ, ಬಡವರ ಬೇಳೆ

2000ದಲ್ಲಿ ಅಮೆರಿಕದ ಟಿಮ್ ಗ್ರೀನಮೈರ್ ತಂಡ ಇಲಿಗಳಿಗೆ ರೋಟೆನೋನ್ ಅನ್ನೋ ಕೀಟನಾಶಕವನ್ನು ನಿಧಾನವಾಗಿ ಕೊಟ್ಟು, ಪಾರ್ಕಿನ್ಸನ್ ತರಹದ ಲಕ್ಷಣ ಬರೋದನ್ನು ತೋರಿಸಿತು. ರೋಟೆನೋನ್ ಸಿಗೋದು ಗಿಡದ ಬೇರಿನಿಂದ. ‘ನೈಸರ್ಗಿಕ’ ಅಂದ ಮಾತ್ರಕ್ಕೆ ಸಾಧು ಅಲ್ಲ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಇದೂ ತಡೆಯೋದು ಕಾಂಪ್ಲೆಕ್ಸ್ 1 ಅನ್ನೇ. ನಮ್ಮ ಕಡೆ ಕಳೆನಾಶಕವಾಗಿ ಪರಿಚಿತವಾಗಿರೋ ಪ್ಯಾರಾಕ್ವಾಟ್ ನೋಡೋಕೆ ಎಂಪಿಟಿಪಿಯ ವಿಷರೂಪದ ಅಣ್ಣತಮ್ಮನ ಹಾಗೇ ಇದೆ. ಆದರೆ ಕೆಲಸದ ರೀತಿ ಬೇರೆ, ಅದು ಎಲೆಕ್ಟ್ರಾನ್ ಕದ್ದು ಮತ್ತೆ ಮತ್ತೆ ಆಮ್ಲಜನಕಕ್ಕೆ ಕೊಡುತ್ತಾ ಸೂಪರ್‌ಆಕ್ಸೈಡ್ ಸುರಿಸುತ್ತೆ. ಅಮೆರಿಕದ ಅಯೋವಾ ಮತ್ತು ನಾರ್ತ್ ಕ್ಯಾರೊಲಿನಾದಲ್ಲಿ ಕೀಟನಾಶಕ ಸಿಂಪಡಿಸುವವರ ನಡುವೆ ನಡೆದ ಅಧ್ಯಯನವೊಂದು 2011ರಲ್ಲಿ ಬಂತು. ಈ ಎರಡರಲ್ಲಿ ಒಂದನ್ನು ಬಳಸಿದವರಲ್ಲಿ ಪಾರ್ಕಿನ್ಸನ್ ಸಾಧ್ಯತೆ, ಬಳಸದವರಿಗಿಂತ ಸುಮಾರು ಎರಡೂವರೆ ಪಟ್ಟು ಹೆಚ್ಚು ಕಂಡಿತ್ತು. ಸಿಂಪಡಿಸಿದ ಎಲ್ಲರಿಗೂ ಕಾಯಿಲೆ ಬರುತ್ತೆ ಅಂತ ಇದರ ಅರ್ಥ ಅಲ್ಲ. ಆದರೆ ಊರಲ್ಲಿ ಅಪ್ಪನೋ ಚಿಕ್ಕಪ್ಪನೋ ಬರಿಗೈಯಲ್ಲಿ, ಮುಖಕ್ಕೆ ಟವಲ್ ಸುತ್ತಿಕೊಂಡು ಔಷಧಿ ಹೊಡೆಯೋದನ್ನು ನೋಡಿ ಸುಮ್ಮನೆ ಇರಬಾರದು ಅನ್ನೋಕೆ ಇಷ್ಟು ಸಾಕು.

ಈ ಸಂಶೋಧನೆಯಲ್ಲಿ ನಮ್ಮ ಬೆಂಗಳೂರಿನ ಹೆಜ್ಜೆಯೂ ಇದೆ. ಬರಗಾಲದಲ್ಲಿ ಬಡವರು ತಿನ್ನುತ್ತಿದ್ದ ಕೇಸರಿ ಬೇಳೆ ತಿಂಗಳುಗಟ್ಟಲೆ ಮುಖ್ಯ ಆಹಾರವಾದರೆ ಕಾಲುಗಳು ಬಿಗಿದು ಸ್ವಾಧೀನ ತಪ್ಪುತ್ತವೆ. ಆ ಬೇಳೆಯ ವಿಷಾಂಶವೂ ಮೈಟೊಕಾಂಡ್ರಿಯಾದ ಕಾಂಪ್ಲೆಕ್ಸ್ 1 ಅನ್ನೇ ಹಿಡಿಯುತ್ತೆ ಅಂತ ತೊಂಬತ್ತರ ದಶಕದಲ್ಲಿ ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ತೋರಿಸಿದ್ದು ನಿಮ್ಹಾನ್ಸ್‌ನಲ್ಲಿದ್ದ ವಿಜಯಲಕ್ಷ್ಮಿ ರವೀಂದ್ರನಾಥ್ ತಂಡ. ಒಲೆಯ ಅದೇ ಬಾಯಿ, ಕಟ್ಟಿದ ಕಸ ಬೇರೆ, ಸತ್ತ ನರಕೋಶ ಬೇರೆ.

ಕೆಟ್ಟ ಒಲೆ ಎತ್ತಿ ಹಾಕೋರು

ಚಿಕ್ಕ ವಯಸ್ಸಿನಲ್ಲೇ ಪಾರ್ಕಿನ್ಸನ್ ಬರೋ ಕೆಲವು ಕುಟುಂಬಗಳಲ್ಲಿ ಎರಡು ಜೀನ್‌ಗಳು ಸಿಕ್ಕವು: 1998ರಲ್ಲಿ ಪಾರ್ಕಿನ್, 2004ರಲ್ಲಿ ಪಿಂಕ್1. ಇವುಗಳ ಕೆಲಸ ಏನು ಅಂತ ಹುಡುಕುತ್ತಾ ಹೋದಾಗ ಮತ್ತೆ ಅದೇ ಒಲೆ ಎದುರಾಯಿತು. ಹಾಳಾದ ಮೈಟೊಕಾಂಡ್ರಿಯಾ ಮೇಲೆ ಪಿಂಕ್1 ಗುರುತು ಹಾಕುತ್ತೆ, ಪಾರ್ಕಿನ್ ಬಂದು ಅದನ್ನು ವಿಲೇವಾರಿಗೆ ಕಳಿಸುತ್ತೆ. ಪಾರ್ಕಿನ್ ಹೀಗೆ ಕೆಟ್ಟ ಮೈಟೊಕಾಂಡ್ರಿಯಾ ಹುಡುಕಿಕೊಂಡು ಹೋಗುತ್ತೆ ಅಂತ 2008ರಲ್ಲಿ ತೋರಿಸಿದ್ದು ಅಮೆರಿಕದ ರಿಚರ್ಡ್ ಯೂಲ್ ಪ್ರಯೋಗಾಲಯ. ಈ ಕಸ ತೆಗೆಯೋ ವ್ಯವಸ್ಥೆ ಕೈಕೊಟ್ಟರೆ, ಹೊಗೆ ಉಗುಳೋ ಮುರುಕಲು ಒಲೆಗಳು ಕೋಶದ ಒಳಗೇ ಉಳಿದುಬಿಡುತ್ತವೆ.

ಮಾತ್ರೆಗಳ ಪರೀಕ್ಷೆ

ಇಷ್ಟು ಸಾಕ್ಷಿ ಇದ್ದ ಮೇಲೆ, ಹೊಗೆ ಹೀರೋ ಔಷಧಿ ಕೊಟ್ಟರೆ ಆಯ್ತಲ್ಲ ಅಂತ ಯಾರಿಗಾದರೂ ಅನ್ನಿಸುತ್ತೆ. ವಿಜ್ಞಾನಿಗಳಿಗೂ ಅನ್ನಿಸಿತು. ಅವರು ನಂಬಿ ಕೂರಲಿಲ್ಲ, ಪರೀಕ್ಷೆ ಮಾಡಿದರು.

ಮೊದಲು ವಿಟಮಿನ್ ಇ. ಆಗಷ್ಟೇ ಪಾರ್ಕಿನ್ಸನ್ ಶುರುವಾಗಿದ್ದ 800 ಜನರ ಮೇಲೆ ಅಮೆರಿಕ ಮತ್ತು ಕೆನಡಾದಲ್ಲಿ ನಡೆದ ಡಾಟಾಟಾಪ್ ಪ್ರಯೋಗದಲ್ಲಿ ದಿನಕ್ಕೆ 2000 ಯೂನಿಟ್ ಕೊಟ್ಟರು. 1993ರಲ್ಲಿ ಬಂದ ಫಲಿತಾಂಶ: ಕಾಯಿಲೆಯ ವೇಗ ಕಡಿಮೆಯಾಗಲಿಲ್ಲ.

ಆಮೇಲೆ ಕೋಎನ್‌ಜೈಮ್ ಕ್ಯೂ10. ಇದು ಮೈಟೊಕಾಂಡ್ರಿಯಾದ ಸಾಲಿನಲ್ಲೇ ಕೊಡಪಾನ ದಾಟಿಸೋ ಅಣು, ಜೊತೆಗೆ ಆಂಟಿಆಕ್ಸಿಡೆಂಟ್. ಇದಕ್ಕಿಂತ ಒಳ್ಳೆ ಅಭ್ಯರ್ಥಿ ಎಲ್ಲಿ ಸಿಗಬೇಕು? 2002ರಲ್ಲಿ 80 ಜನರ ಚಿಕ್ಕ ಪ್ರಯೋಗ ಆಸೆ ಹುಟ್ಟಿಸಿತು. ಇವತ್ತಿಗೂ ಡಬ್ಬದ ಜಾಹೀರಾತುಗಳ ಹಿಂದೆ ಇರೋದು ಆ ಹಳೇ ಆಸೆಯೇ. ಆದರೆ ಅದರ ಮುಂದಿನ ಅಧ್ಯಾಯ ಜಾಹೀರಾತಲ್ಲಿ ಇರಲ್ಲ. 600 ಜನರ ದೊಡ್ಡ ಪ್ರಯೋಗದಲ್ಲಿ ದಿನಕ್ಕೆ 1200 ಮತ್ತು 2400 ಮಿಲಿಗ್ರಾಂ ಕೊಟ್ಟು ನೋಡಿದರು. ಉಪಯೋಗ ಕಾಣದೆ ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ವರದಿ 2014ರಲ್ಲಿ ಪ್ರಕಟವಾಯಿತು.

ಮಾತ್ರೆ ಮೈಟೊಕಾಂಡ್ರಿಯಾ ತಲುಪುತ್ತಿಲ್ಲವೇನೋ ಅಂತ, ಅಲ್ಲಿಗೇ ಹೋಗಿ ಸೇರೋ ಹಾಗೆ ಮೈಟೊಕ್ಯೂ ಅನ್ನೋ ಅಣು ತಯಾರಿಸಿದರು. 2010ರಲ್ಲಿ 128 ಜನರ ಪ್ರಯೋಗದ ವರದಿ ಬಂತು. ಅದೂ ಸಕ್ಕರೆ ಗುಳಿಗೆಗಿಂತ ಮೇಲಾಗಲಿಲ್ಲ.

ಯಾಕೆ ಸೋತವು?

ಒಂದು, ಹೊತ್ತು ಮೀರಿರುತ್ತೆ. ಕೈ ನಡುಗೋದು ಕಣ್ಣಿಗೆ ಬೀಳೋ ಹೊತ್ತಿಗೆ ಆ ಕಪ್ಪು ಜಾಗದ ಡೋಪಮಿನ್ ಕೋಶಗಳಲ್ಲಿ ದೊಡ್ಡ ಪಾಲು ಆಗಲೇ ಹೋಗಿರುತ್ತೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ಎರಡು, ಹೊಗೆ ಒರೆಸಿದರೆ ಒಲೆ ಸರಿಹೋಗಲ್ಲ. ಕಾಂಪ್ಲೆಕ್ಸ್ 1 ಸೊರಗಿದೆ, ಎಟಿಪಿ ಸಾಲುತ್ತಿಲ್ಲ, ಕೆಟ್ಟ ಒಲೆ ಎತ್ತಿ ಹಾಕೋರಿಲ್ಲ, ಆಲ್ಫಾ-ಸಿನ್ಯೂಕ್ಲಿಯಿನ್ ಅನ್ನೋ ಪ್ರೋಟೀನ್ ಗಂಟುಗಟ್ಟುತ್ತಿದೆ. ಈ ನಾಲ್ಕರಲ್ಲಿ ಆಂಟಿಆಕ್ಸಿಡೆಂಟ್ ಯಾವುದನ್ನೂ ಮುಟ್ಟಲ್ಲ.

ಇನ್ನೊಂದು ನರರೋಗದ ಉದಾಹರಣೆ ಕೇಳಿ. ಸ್ನಾಯುಗಳ ಶಕ್ತಿ ಉಡುಗಿಸೋ ಎಎಲ್ಎಸ್ ಕಾಯಿಲೆ ಕೆಲವು ಕುಟುಂಬಗಳಲ್ಲಿ ಬರೋದು ಎಸ್ಒಡಿ1 ಜೀನ್‌ನ ದೋಷದಿಂದ ಅಂತ 1993ರಲ್ಲಿ ಗೊತ್ತಾಯಿತು. ಮೊದಲು ಹೇಳಿದ ಹೊಗೆ ಗುಡಿಸೋ ಕಿಣ್ವದ ಜೀನ್ ಅದು. ಸರಿ, ಗುಡಿಸೋರು ಕಡಿಮೆಯಾಗಿದ್ದಕ್ಕೆ ಕಾಯಿಲೆ ಅಂದುಕೊಂಡರು. ಹಾಗಲ್ಲ ಅಂತ ಆಮೇಲೆ ತಿಳಿಯಿತು. ಕೆಲವು ರೂಪಾಂತರಗಳಲ್ಲಿ ಕಿಣ್ವ ಚೆನ್ನಾಗೇ ಕೆಲಸ ಮಾಡುತ್ತಿತ್ತು, ಆದರೆ ಆ ಪ್ರೋಟೀನೇ ವಿಷವಾಗಿತ್ತು. ಅದಕ್ಕೇ 2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಟೊಫರ್ಸೆನ್ ಔಷಧಿ ಆ ಪ್ರೋಟೀನ್ ತಯಾರಾಗೋದನ್ನೇ ಕಡಿಮೆ ಮಾಡುತ್ತೆ. ಕಿಣ್ವ ಹೆಚ್ಚಿಸೋದರ ಬದಲು ತಗ್ಗಿಸೋದು!

ಮೂರು, ಹೊಗೆ ಬರೀ ಶತ್ರು ಅಲ್ಲ. ಸ್ವಲ್ಪ ಪ್ರಮಾಣದ ಫ್ರೀ ರ‍್ಯಾಡಿಕಲ್‌ಗಳು ಕೋಶಕ್ಕೆ ಸಂದೇಶ ಕೊಡುತ್ತವೆ: ‘ಕೆಲಸ ಜಾಸ್ತಿಯಾಗಿದೆ, ರಕ್ಷಣೆ ಹೆಚ್ಚಿಸಿಕೋ’ ಅಂತ. ಜರ್ಮನಿಯ ಮೈಕೆಲ್ ರಿಸ್ಟೊ ತಂಡ 2009ರಲ್ಲಿ ಆರೋಗ್ಯವಂತ ಯುವಕರಿಗೆ ವ್ಯಾಯಾಮ ಮಾಡಿಸಿತು. ಅರ್ಧ ಜನಕ್ಕೆ ವಿಟಮಿನ್ ಸಿ ಮತ್ತು ಇ ಮಾತ್ರೆ ಕೊಟ್ಟಿತು. ವ್ಯಾಯಾಮದಿಂದ ಇನ್ಸುಲಿನ್ ಕೆಲಸ ಸುಧಾರಿಸಿದ್ದು ಮಾತ್ರೆ ತಗೊಳ್ಳದವರಲ್ಲಿ. ಮಾತ್ರೆ ನುಂಗಿದವರಿಗೆ ಆ ಲಾಭ ಸಿಗಲಿಲ್ಲ. ಜಿಮ್‌ಗೆ ಹೋಗಿ ಬಂದು ಅದೇ ಮಾತ್ರೆ ನುಂಗೋ ಗೆಳೆಯರಿಗೆ ಇದನ್ನು ಫಾರ್ವರ್ಡ್ ಮಾಡಬಹುದು.

ಹಾಗಾದರೆ ಏನು ಮಾಡೋಣ?

ಮನೆಯಲ್ಲಿ ಆಗಲೇ ಪಾರ್ಕಿನ್ಸನ್ ಇರೋರಿದ್ದರೆ, ಸಪ್ಲಿಮೆಂಟ್ ದುಡ್ಡನ್ನು ಫಿಸಿಯೋಥೆರಪಿಗೆ ತಿರುಗಿಸಿ. ಅಮೆರಿಕದಲ್ಲಿ 128 ರೋಗಿಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ವಾರಕ್ಕೆ ನಾಲ್ಕು ದಿನ ಎದೆಬಡಿತ ಚೆನ್ನಾಗಿ ಏರೋ ಹಾಗೆ ಟ್ರೆಡ್‌ಮಿಲ್ ಮಾಡಿದವರ ಚಲನೆಯ ಅಂಕ ಆರು ತಿಂಗಳಲ್ಲಿ ಹೆಚ್ಚುಕಮ್ಮಿ ಇದ್ದ ಹಾಗೇ ಇತ್ತು. ಮಾಮೂಲಿ ಆರೈಕೆಯಲ್ಲಿದ್ದವರದ್ದು ಕುಸಿದಿತ್ತು. ಹೃದಯದ ತಪಾಸಣೆ ಮಾಡಿಸಿ, ಡಾಕ್ಟರ್ ಒಪ್ಪಿದ ಮೇಲೆ ಶುರು ಮಾಡಿಸಿ.

ಲೆವೊಡೋಪಾ ಹೊತ್ತು ತಪ್ಪದ ಹಾಗೆ ನೋಡಿಕೊಳ್ಳಿ. ಬೇಕಿದ್ದರೆ ನಿಮ್ಮ ಫೋನಲ್ಲೇ ಅಲಾರಂ ಇಟ್ಟು ಊರಿಗೆ ಕರೆ ಮಾಡಿ. ಬೇಳೆ, ಮೊಟ್ಟೆ, ಮಾಂಸದ ಭಾರಿ ಊಟದ ಜೊತೆ ಅಥವಾ ಕಬ್ಬಿಣದ ಮಾತ್ರೆಯ ಜೊತೆ ತಗೊಂಡರೆ ಅದು ಸರಿಯಾಗಿ ಹೀರಿಕೊಳ್ಳದೆ ಹೋಗಬಹುದು. ಎಷ್ಟು ಅಂತರ ಬೇಕು ಅಂತ ಡಾಕ್ಟರನ್ನು ಕೇಳಿ. ‘ಪವರ್ ಮಾತ್ರೆ, ಬೇಡ’ ಅಂತ ಯಾರೋ ಹೇಳಿದರು ಅಂತ ತಟ್ಟನೆ ನಿಲ್ಲಿಸಬೇಡಿ, ಅದು ಪ್ರಾಣಾಪಾಯಕ್ಕೂ ತರಬಹುದು.

ಈಗಷ್ಟೇ ಅನುಮಾನ ಬಂದಿದ್ದರೆ, ಇವನ್ನು ಗಮನಿಸಿ: ಒಂದೇ ಬದಿಯ ಕೈ ಸುಮ್ಮನಿದ್ದಾಗ ನಡುಗೋದು, ನಡೆಯುವಾಗ ಒಂದು ತೋಳು ಬೀಸದೆ ಇರೋದು, ಕೈಬರಹ ದಿನೇ ದಿನೇ ಚಿಕ್ಕದಾಗೋದು, ಒಗ್ಗರಣೆ ವಾಸನೆ ಗೊತ್ತಾಗದೆ ಇರೋದು, ನಿದ್ದೆಯಲ್ಲಿ ಕನಸಿಗೆ ತಕ್ಕ ಹಾಗೆ ಕೂಗೋದು, ಒದೆಯೋದು. ‘ವಯಸ್ಸಾಯ್ತು’ ಅಂತ ತಳ್ಳಿಹಾಕದೆ ನರರೋಗ ತಜ್ಞರಿಗೆ ತೋರಿಸಿ.

ಹೋಗುವಾಗ ಮನೆಯಲ್ಲಿರೋ ಎಲ್ಲಾ ಮಾತ್ರೆಗಳ ಸ್ಟ್ರಿಪ್ ತಗೊಂಡು ಹೋಗಿ. ಇದು ತುಂಬಾ ಮುಖ್ಯ. ತಲೆಸುತ್ತಿಗೆ ಕೊಡೋ ಸಿನ್ನಾರಿಜಿನ್, ಗ್ಯಾಸ್ ಮಾತ್ರೆಯಲ್ಲಿ ಬೆರೆತಿರೋ ಲೆವೊಸಲ್ಪಿರೈಡ್, ವಾಂತಿಗೆ ಕೊಡೋ ಮೆಟೊಕ್ಲೊಪ್ರಮೈಡ್ ಇಂಥವನ್ನು ತಿಂಗಳುಗಟ್ಟಲೆ ನುಂಗಿದರೆ ಥೇಟ್ ಪಾರ್ಕಿನ್ಸನ್ ತರಹವೇ ನಡುಕ, ಬಿಗಿತ ಬರಬಹುದು. ಬಹಳಷ್ಟು ಸಲ ಡಾಕ್ಟರ್ ಆ ಮಾತ್ರೆ ನಿಲ್ಲಿಸಿದರೆ ಕೆಲವು ವಾರ, ತಿಂಗಳುಗಳಲ್ಲಿ ಸರಿಹೋಗುತ್ತೆ. ನಾಲ್ಕು ವರ್ಷದ ಹಿಂದಿನ ಚೀಟಿ ತೋರಿಸಿ ಅದೇ ಮಾತ್ರೆ ತರಿಸಿಕೊಳ್ಳೋ ಅಭ್ಯಾಸ ನಮ್ಮ ಎಷ್ಟೋ ಮನೆಗಳಲ್ಲಿದೆ.

ಇನ್ನು ನಿಮ್ಮ ಒಲೆಗಳ ವಿಚಾರ. ಚೆನ್ನಾಗಿ ಏದುಸಿರು ಬರೋ ಹಾಗೆ ನಡೆದರೆ, ಓಡಿದರೆ, ಈಜಿದರೆ ಸ್ನಾಯುಗಳು ಹೊಸ ಮೈಟೊಕಾಂಡ್ರಿಯಾ ಕಟ್ಟಿಕೊಳ್ಳುತ್ತವೆ, ಹಳತನ್ನು ವಿಲೇವಾರಿ ಮಾಡುತ್ತವೆ. ಹಣ್ಣು, ಸೊಪ್ಪು, ತರಕಾರಿ ಧಾರಾಳವಾಗಿ ತಿನ್ನಿ, ಅದಕ್ಕೆ ಬೇರೆ ನೂರು ಕಾರಣ ಇವೆ. ಹೊಲದಲ್ಲಿ ಔಷಧಿ ಹೊಡೆಯೋರು ಮನೆಯಲ್ಲಿದ್ದರೆ ಗ್ಲೌಸ್, ಮಾಸ್ಕ್, ಉದ್ದ ತೋಳಿನ ಅಂಗಿ ಕೊಡಿಸಿ, ಹೊಡೆದು ಬಂದ ಮೇಲೆ ಸ್ನಾನ ಮಾಡಿ ಬಟ್ಟೆ ಬೇರೆ ಒಗೆಯೋಕೆ ಹೇಳಿ.

ಈ ಭಾನುವಾರ ಊರಿಗೆ ಫೋನ್ ಮಾಡಿದಾಗ ‘ಊಟ ಆಯ್ತಾ’ ಅಂತ ಕೇಳಿದ ಮೇಲೆ ಇನ್ನೊಂದು ಪ್ರಶ್ನೆ ಸೇರಿಸಿ: “ಅಮ್ಮಾ, ಈಗ ದಿನಾ ಯಾವ್ಯಾವ ಮಾತ್ರೆ ತಗೋತಿದ್ದೀರಿ? ಸ್ಟ್ರಿಪ್‌ಗಳದ್ದೊಂದು ಫೋಟೋ ಕಳಿಸಿ.”